ಕಾರ್ಪೊರೇಟರ್ ಆಗೋದು ಹೇಗೆ, ಆದ್ಮೇಲೆ ಐದು ವರ್ಷ ಬಾಳೋದು ಹೇಗೆ

ಇತ್ತೀಚೆಗೆ ಸುಮಾರು ಹುಡುಗ್ರು ಕೇಳ್ತಿದ್ದಾರೆ, ಅಣ್ಣ ಮುಂದಿನ ಪಾಲಿಕೆ ಎಲೆಕ್ಷನ್ನಿಗೆ ನಿಲ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ ಅಂತ. ನಾನು ಯಾವತ್ತೂ ನಿಂತೋನಲ್ಲ, ಆದ್ರೆ ಮೈಸೂರಲ್ಲಿ ಒಬ್ರು ಕಾರ್ಪೊರೇಟರ್ ಆಫೀಸಲ್ಲಿ ಅವರ ಟರ್ಮು ಪೂರ್ತಿ ಫೋನ್ ಎತ್ಕೊಂಡು, ಲೆಟರ್ ಟೈಪ್ ಮಾಡ್ಕೊಂಡು, ವಲಯ ಕಚೇರಿ ಮೆಟ್ಲು ಹತ್ಕೊಂಡು ಇಳ್ಕೊಂಡು ಇದ್ದೆ. ಅಲ್ಲಿ ನೋಡಿದ್ದರಿಂದ ಒಂದು ಅಭಿಪ್ರಾಯ ಅಂತೂ ಗಟ್ಟಿಯಾಗಿದೆ: ಈ ಕೆಲಸದಲ್ಲಿ ಭಾಷಣ ಮಾಡೋನಿಗಿಂತ ಫೈಲ್ ಯಾರ ಟೇಬಲ್ ಮೇಲಿದೆ ಅಂತ ಗೊತ್ತಿರೋನು ಜಾಸ್ತಿ ದಿನ ಬಾಳ್ತಾನೆ. ಇಲ್ಲಿ ಬರ್ದಿರೋದು ಮುಖ್ಯವಾಗಿ ಮೈಸೂರು, ಹುಬ್ಬಳ್ಳಿ, ಬೆಳಗಾವಿ ಥರದ ಪಾಲಿಕೆಗಳಿಗೆ, ಅಂದ್ರೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಕೆಳಗೆ ಬರೋ ಊರುಗಳಿಗೆ. ಬೆಂಗಳೂರಿಗೆ ಈಗ ಬೇರೆ ಕಾಯ್ದೆ ಬಂದಿದೆ, ನಡುನಡುವೆ ಅದನ್ನೂ ಹೇಳ್ತೀನಿ.

ವಯಸ್ಸಿನ ವಿಷಯ ಮೊದ್ಲು ಮುಗಿಸೋಣ. ಎಂಎಲ್‌ಎ ಆಗೋಕೆ 25 ಬೇಕು, ಕಾರ್ಪೊರೇಟರ್‌ಗೆ 21 ಆದ್ರೆ ಸಾಕು, ಸಂವಿಧಾನದಲ್ಲೇ ಇದೆ. ಬಳ್ಳಾರಿಯಲ್ಲಿ ತ್ರಿವೇಣಿ ಅನ್ನೋ ಹುಡುಗಿ 2023ರ ಮಾರ್ಚಲ್ಲಿ ಮೇಯರ್ ಆದಾಗ ಆಕೆಗೆ 23. ಕೇರಳದ ತಿರುವನಂತಪುರದಲ್ಲಿ ಆರ್ಯಾ ರಾಜೇಂದ್ರನ್ 2020ರಲ್ಲಿ 21ಕ್ಕೇ ಮೇಯರ್ ಕುರ್ಚಿ ಮೇಲೆ ಕೂತ್ರು. ಹಾಗಾಗಿ ನಾನಿನ್ನೂ ಚಿಕ್ಕೋನು ಅನ್ನೋ ನೆಪ ಬೇಡ, ನಿಮ್ಮ ಹೆಸರು ಆ ಊರಿನ ಮತದಾರರ ಪಟ್ಟಿಯಲ್ಲಿ ಇದ್ಯಾ ಅಂತ ಮಾತ್ರ ಇವತ್ತೇ ಚೆಕ್ ಮಾಡ್ಕೊಳ್ಳಿ, ಎಷ್ಟೋ ಜನ ಹುಡುಗ್ರ ಹೆಸರು ಇನ್ನೂ ಹಳ್ಳಿಯಲ್ಲಿ ಅಪ್ಪನ ಮನೆ ವಿಳಾಸದಲ್ಲೇ ಇರತ್ತೆ. ಜೊತೆಗೆ ಮನೆ ಕಂದಾಯ, ನೀರಿನ ಬಿಲ್ಲು ಬಾಕಿ ಇದ್ರೆ ಈಗ್ಲೇ ಕಟ್ಬಿಡಿ. ನಾಮಪತ್ರ ಪರಿಶೀಲನೆ ದಿನ ಎದುರಾಳಿ ವಕೀಲ ಮೊದಲು ಕೆದಕೋದೇ ಅದನ್ನ.

ಇನ್ನು ಯಾರೂ ಹೇಳದೇ ಇರೋ ಮಾತು. ಇರೋ ಕೆಲಸ ಬಿಡ್ಬೇಡಿ. ಯಾಕಂದ್ರೆ ಎಲೆಕ್ಷನ್ ಯಾವಾಗ ಅಂತ ಯಾರಿಗೂ ಗೊತ್ತಿರಲ್ಲ. ಅವಧಿ ಮುಗಿಯೋದ್ರೊಳಗೆ ಚುನಾವಣೆ ಆಗ್ಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳತ್ತೆ, ಅದು 1993ರ ಜೂನ್ 1ರಿಂದ ಜಾರಿಯಲ್ಲಿದೆ. ನಡೆಯೋದು ಬೇರೆ. ಬೆಂಗಳೂರಲ್ಲಿ ಕೊನೇ ಚುನಾವಣೆ ಆಗಿದ್ದು 2015ರ ಆಗಸ್ಟಲ್ಲಿ, 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್ ಮುಗೀತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ವಾರ್ಡು 198 ಇದ್ದದ್ದು 243 ಮಾಡ್ತೀವಿ ಅಂದ್ರು, ಆಮೇಲೆ 225 ಅಂದ್ರು, ಕೊನೆಗೆ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಮಾಡಿ ಐದು ಪಾಲಿಕೆ, 369 ವಾರ್ಡು ಅಂತ ಆಯ್ತು. 2020ರಲ್ಲಿ 25 ವಯಸ್ಸಿನ ಹುಡುಗ ಮುಂದಿನ ವರ್ಷ ನಿಲ್ತೀನಿ ಅಂತ ಕೆಲಸ ಬಿಟ್ಟಿದ್ರೆ ಅವನ ಗತಿ ಯೋಚ್ನೆ ಮಾಡಿ. ನಮ್ಮ ಮೈಸೂರಲ್ಲೂ 2018ರಲ್ಲಿ ಗೆದ್ದ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ಗೆ ಮುಗೀತು, ಅದರ ಬೆನ್ನಿಗೆ ಎಲೆಕ್ಷನ್ ಬರ್ಲಿಲ್ಲ.

ಗೆದ್ರೂ ಕೂಡ ಕಾಯೋದು ತಪ್ಪಲ್ಲ. ಬೆಳಗಾವಿಯಲ್ಲಿ 2021ರ ಸೆಪ್ಟೆಂಬರಲ್ಲಿ ರಿಸಲ್ಟ್ ಬಂತು, ಮೊದಲನೇ ಮೇಯರ್ ಆಯ್ಕೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಅಷ್ಟೂ ದಿನ ಗೆದ್ದೋರು ಗೆದ್ದೋರೇ, ಆದ್ರೆ ಕೌನ್ಸಿಲ್ ಇಲ್ಲ, ಸಭೆ ಇಲ್ಲ, ಅನುದಾನ ಇಲ್ಲ, ಜನ ಮಾತ್ರ ನೀವೇ ಕಾರ್ಪೊರೇಟರ್ ಅಲ್ವಾ ಸ್ವಾಮಿ ಅಂತ ಬಾಗಿಲು ಬಡೀತಾನೇ ಇರ್ತಾರೆ. ಐದು ವರ್ಷದ ಲೆಕ್ಕ ಶುರು ಆಗೋದು ಮೊದಲನೇ ಸಭೆಯಿಂದ, ಹಾಗಾಗಿ ಅವಧಿ ಏನೂ ಕಮ್ಮಿ ಆಗಲ್ಲ, ಜೇಬು ಕಮ್ಮಿ ಆಗತ್ತೆ. ತಿಂಗಳ ಗೌರವಧನ ಪೆಟ್ರೋಲ್‌ಗೂ ಮದ್ವೆ ಮುಯ್ಯಿಗೂ ಸಾಲಲ್ಲ. ಅದಕ್ಕೇ ಸ್ವಂತ ಆದಾಯ ಒಂದು ಇರ್ಲೇಬೇಕು, ಅಂಗಡಿನೋ, ಟ್ಯೂಷನ್ನೋ, ವಕಾಲತ್ತೋ, ಏನಾದ್ರೂ. ಅದಿಲ್ಲದೋನು ಎರಡನೇ ವರ್ಷಕ್ಕೆ ಕಂಟ್ರಾಕ್ಟರ್ ಕಾರಲ್ಲಿ ಓಡಾಡ್ತಿರ್ತಾನೆ, ಇದು ನಾನು ಕಣ್ಣಾರೆ ಕಂಡಿದ್ದು.

ಮೀಸಲಾತಿ ಇನ್ನೊಂದು ತಲೆನೋವು. ನಗರ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸ್ರಿಗೆ. ಅದರ ಮೇಲೆ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ ಎ ಮತ್ತು ಬಿ. ಪ್ರತೀ ಸಲ ಅದು ತಿರುಗ್ತಾ ಇರತ್ತೆ, ಪಟ್ಟಿ ಬರೋದು ಎಲೆಕ್ಷನ್ ಹತ್ರ ಬಂದಾಗ. ನಾಲ್ಕು ವರ್ಷ ಒಂದು ವಾರ್ಡಲ್ಲಿ ಗಣೇಶನ ಪೆಂಡಾಲ್ ಹಾಕ್ಸಿ, ರಕ್ತದಾನ ಶಿಬಿರ ಮಾಡ್ಸಿ, ಸತ್ತೋರ ಮನೆಗೆಲ್ಲ ಹೋಗಿ ನೆಲೆ ಮಾಡ್ಕೊಂಡೋನಿಗೆ ಬೆಳಿಗ್ಗೆ ಎದ್ದು ಪೇಪರ್ ನೋಡಿದ್ರೆ ವಾರ್ಡು ಸಾಮಾನ್ಯ ಮಹಿಳೆಗೆ ಮೀಸಲು. ಆಗ ಏನ್ಮಾಡ್ತಾರೆ, ಹೆಂಡ್ತಿನ ನಿಲ್ಲಿಸ್ತಾರೆ, ಗೆದ್ಮೇಲೆ ಗಂಡ ಫೋನ್ ಎತ್ತುತ್ತಾನೆ. ದಯವಿಟ್ಟು ಈ ದಾರಿ ಹಿಡೀಬೇಡಿ. ಊರಿನ ಯಾವ ವಾರ್ಡಿನ ಪಟ್ಟಿಯಲ್ಲಿ ಹೆಸರಿದ್ರೂ ಬೇರೆ ವಾರ್ಡಲ್ಲಿ ನಿಲ್ಬಹುದು, ಅದಕ್ಕೇ ಶುರುವಿಂದ್ಲೇ ಅಕ್ಕಪಕ್ಕದ ಎರಡು ಮೂರು ವಾರ್ಡಲ್ಲಿ ಓಡಾಡಿ. ಹುಡ್ಗೀರಿಗೆ ಒಂದು ಮಾತು: ಸೀಟು ಮಹಿಳೆಗೆ ಬಂದಾಗ ಪಾರ್ಟಿಯೋರು ಯಾರ ಹೆಂಡ್ತಿ ಅಂತ ಹುಡುಕ್ತಾರೆ, ಆಗ ಪಟ್ಟಿ ಹಿಡ್ಕೊಂಡು ಈ ವಾರ್ಡಿನ ಬೂತುಗಳು ನನಗೆ ಗೊತ್ತು ಅನ್ನೋ ಒಬ್ಬಳಾದ್ರೂ ಹುಡುಗಿ ಅಲ್ಲಿ ಕೂತಿರ್ಬೇಕು. ಸಾಮಾನ್ಯ ಸೀಟಲ್ಲೂ ನಿಲ್ಬಹುದು, ಸಾಮಾನ್ಯ ಅಂದ್ರೆ ಗಂಡಸ್ರದ್ದು ಅಂತೇನೂ ಬರ್ದಿಲ್ಲ.

ಬೂತ್ ಅಂದೆ, ಅದರ ಲೆಕ್ಕ ಹೇಳ್ತೀನಿ. 2011ರ ಜನಗಣತಿಯಲ್ಲಿ ಮೈಸೂರು ನಗರ ಸುಮಾರು 9 ಲಕ್ಷ, ವಾರ್ಡು 65. ಭಾಗಿಸಿದ್ರೆ ಒಂದು ವಾರ್ಡಿಗೆ ಹದಿನಾಲ್ಕು ಸಾವಿರ ಜನ. ಅದರಲ್ಲಿ ವೋಟಿರೋರು ಹತ್ತು ಸಾವಿರ ಅಂತಿಟ್ಕೊಳ್ಳಿ. ಸಿಟಿಯೋರು ವೋಟ್ ಹಾಕೋದು ಅರ್ಧ, 2015ರಲ್ಲಿ ಬೆಂಗಳೂರಲ್ಲಿ ಅರ್ಧಕ್ಕೂ ಕಮ್ಮಿ. ಐದು ಸಾವಿರ ವೋಟು ಬಿದ್ದು ಮೂರು ಜನ ಗಟ್ಟಿ ಕ್ಯಾಂಡಿಡೇಟ್ ಇದ್ರೆ ಎರಡು ಸಾವಿರ ತಗೊಂಡೋನು ಗೆದ್ದ. ಎರಡು ಸಾವಿರ ವೋಟು ಅಂದ್ರೆ ಐನೂರು ಮನೆ ಅಷ್ಟೇ. ಇದು ಗೊತ್ತಾದ್ಮೇಲೆ ಫ್ಲೆಕ್ಸ್ ಮೇಲೆ ದುಡ್ಡು ಸುರಿಯೋಕೆ ಮನಸ್ಸೇ ಬರಲ್ಲ. ಮತದಾರರ ಪಟ್ಟಿ ಪ್ರಿಂಟ್ ತಗೊಳ್ಳಿ, ಬೂತ್ ಪ್ರಕಾರ ಬೀದಿ ಬೀದಿ ಸುತ್ತಿ, ಸತ್ತೋರು ಯಾರು, ಮನೆ ಖಾಲಿ ಮಾಡಿದೋರು ಯಾರು, ಮದ್ವೆ ಆಗಿ ಬಂದ ಸೊಸೆ ಹೆಸರು ಸೇರಿದ್ಯಾ ಅಂತ ಗುರುತು ಹಾಕಿ. ಹೆಸರು ಸೇರಿಸ್ಕೊಟ್ಟ ಮನೆಯೋರು ನಿಮ್ಮನ್ನ ಮರೆಯಲ್ಲ, ಅಂತರ್ಜಾಲದ ಲೈಕು ಮರುದಿನಕ್ಕೇ ಮರೆತೋಗತ್ತೆ. ಬಾಡಿಗೆ ಮನೆ ಹುಡುಗ್ರನ್ನ ಎಲ್ಲಾ ಪಾರ್ಟಿಯೋರೂ ಬಿಟ್ಬಿಡ್ತಾರೆ, ಅಲ್ಲೇ ಯುವ ಕ್ಯಾಂಡಿಡೇಟ್‌ಗೆ ಜಾಗ ಇರೋದು.

ಟಿಕೆಟ್ ವಿಚಾರಕ್ಕೆ ಬರ್ತೀನಿ. ನಿಮಗೆ ಬಿ ಫಾರಂ, ಅಂದ್ರೆ ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಅನ್ನೋ ಪತ್ರ, ಕೊಡೋದು ಪಾರ್ಟಿ ಅಂತ ಪೇಪರಲ್ಲಿ ಇರತ್ತೆ, ಕೊಡ್ಸೋದು ಎಂಎಲ್‌ಎ. ಎಂಎಲ್‌ಎಗೆ ತನ್ನ ಕ್ಷೇತ್ರದಲ್ಲಿ ಚುರುಕಾದ ಕಾರ್ಪೊರೇಟರ್ ಬೇಕು, ಆದ್ರೆ ತೀರಾ ಚುರುಕಾದೋನು ಬೇಡ, ನಾಳೆ ತನ್ನ ಸೀಟಿಗೇ ಕೈ ಹಾಕ್ತಾನೆ ಅಂತ ಭಯ. ಈ ಹದ ಯಾರೂ ಹೇಳ್ಕೊಡಲ್ಲ. ಇಂಡಿಪೆಂಡೆಂಟ್ ಆಗಿ ಗೆದ್ದೋರೂ ಇದ್ದಾರೆ, 2015ರ ಬೆಂಗಳೂರು ಕೌನ್ಸಿಲ್ ನೋಡಿ, ಬಿಜೆಪಿ 198ರಲ್ಲಿ 100 ಗೆದ್ದಿತ್ತು, ಆದ್ರೂ ಮೇಯರ್ ಕಾಂಗ್ರೆಸ್ಸಿನೋರು ಆದ್ರು, ಯಾಕಂದ್ರೆ ಮೇಯರ್ ಎಲೆಕ್ಷನ್ನಲ್ಲಿ ಆ ಊರಿನ ಎಂಎಲ್‌ಎ, ಎಂಪಿ, ಎಂಎಲ್‌ಸಿಗಳಿಗೂ ವೋಟಿದೆ, ಜೆಡಿಎಸ್ಸು ಪಕ್ಷೇತರರು ಸೇರ್ಕೊಂಡು ಲೆಕ್ಕ ತಿರುಗಿಸಿದ್ರು. ಅಂಥಾ ಟೈಮಲ್ಲಿ ಒಬ್ಬ ಪಕ್ಷೇತರನಿಗೆ ಇರೋ ಬೆಲೆ ಪಾರ್ಟಿಯ ಹತ್ತು ಜನಕ್ಕೆ ಇರಲ್ಲ. ಆದ್ರೆ ಬಲ ಸಮಸಮ ಇಲ್ದಿದ್ರೆ ಅದೇ ಪಕ್ಷೇತರ ಐದು ವರ್ಷ ಹಿಂದಿನ ಸಾಲಲ್ಲಿ ಕೂತು ಮನವಿ ಪತ್ರ ಕೊಡ್ತಾ ಇರ್ಬೇಕಾಗತ್ತೆ. ಜೂಜು ಅದು, ಧೈರ್ಯ ಇದ್ರೆ ಮಾತ್ರ.

ನಾಮಪತ್ರದ ಅಫಿಡವಿಟ್ ಇದ್ಯಲ್ಲ, ಅದನ್ನ ಟೈಪಿಂಗ್ ಅಂಗಡಿಯೋನಿಗೆ ಬಿಡ್ಬೇಡಿ. ಮೈಸೂರಲ್ಲಿ 2021ರ ಫೆಬ್ರವರಿಯಲ್ಲಿ ರುಕ್ಮಿಣಿ ಮಾದೇಗೌಡ ಮೇಯರ್ ಆದ್ರು, ಮೇ ತಿಂಗಳಿಗೆ ಹೈಕೋರ್ಟು ಅವರ ಸದಸ್ಯತ್ವನೇ ರದ್ದು ಮಾಡ್ತು, 2018ರ ಚುನಾವಣೆಯಲ್ಲಿ ಕೊಟ್ಟ ಆಸ್ತಿ ವಿವರ ಸರಿ ಇಲ್ಲ ಅಂತ. ಕೇಸ್ ಹಾಕಿದ್ದು ಅದೇ 36ನೇ ವಾರ್ಡಲ್ಲಿ ಸೋತಿದ್ದ ಅಭ್ಯರ್ಥಿ ರಜನಿ ಅಣ್ಣಯ್ಯ, ಆಮೇಲೆ ಉಪಚುನಾವಣೆಯಲ್ಲಿ ಗೆದ್ದಿದ್ದೂ ಅವರೇ. ಹೆಂಡ್ತಿ ಹೆಸರಿನ ಸೈಟು, ಅಪ್ಪನಿಂದ ಬಂದ ಪಾಲು, ಚೀಟಿ ದುಡ್ಡು, ಚಿನ್ನ, ಸಾಲ ಎಲ್ಲಾ ಬರೀರಿ. ಜಾಸ್ತಿ ಬರೆದ್ರೆ ಜನ ಆಡ್ಕೊಳ್ತಾರೆ ಅಷ್ಟೇ, ಕಮ್ಮಿ ಬರೆದ್ರೆ ಸೀಟೇ ಹೋಗತ್ತೆ. ಖರ್ಚಿನ ಲೆಕ್ಕನೂ ಹಾಗೇ, ಸೋತೋರೂ ಕೊಡ್ಬೇಕು, ಸೋತ ಬೇಜಾರಲ್ಲಿ ಲೆಕ್ಕ ಕೊಡದೇ ಕೂತು ಮುಂದಿನ ಸಲ ನಿಲ್ಲೋ ಅವಕಾಶ ಕಳ್ಕೊಂಡೋರು ಇದ್ದಾರೆ.

ಸರಿ, ಗೆದ್ರಿ ಅಂತ ಇಟ್ಕೊಳ್ಳೋಣ. ಹಾರ, ಪಟಾಕಿ, ಜೆಸಿಬಿಯಿಂದ ಹೂವು ಎಲ್ಲಾ ಮುಗೀತು.

ಮೊದಲನೇ ವಾರ ಕಮಿಷನರ್‌ನ ನೋಡೋಕೆ ಶಾಲು ಹಿಡ್ಕೊಂಡು ಹೋಗ್ತೀರ, ಹೋಗಿ. ಆದ್ರೆ ಅದಕ್ಕಿಂತ ಮುಂಚೆ ನೋಡ್ಬೇಕಾದೋರು ವಾಲ್ವ್‌ಮನ್. ನಿಮ್ಮ ವಾರ್ಡಲ್ಲಿ ಯಾವ ಬೀದಿಗೆ ಎಷ್ಟೊತ್ತಿಗೆ ನೀರು ಬಿಡ್ತಾರೆ, ಯಾವ ಲೈನು ಎಲ್ಲಿ ತಿರುಗತ್ತೆ, ಯಾವ ಮನೆಯೋರು ಮೋಟ್ರು ಹಾಕಿ ಎಳೀತಾರೆ, ಎಲ್ಲಾ ಅವನ ತಲೆಯಲ್ಲಿದೆ, ಯಾವ ಮ್ಯಾಪಲ್ಲೂ ಇಲ್ಲ. ಆಮೇಲೆ ಹೆಲ್ತ್ ಇನ್ಸ್‌ಪೆಕ್ಟರ್, ಪೌರಕಾರ್ಮಿಕರ ಮೇಸ್ತ್ರಿ, ವಾರ್ಡಿನ ಇಂಜಿನಿಯರು, ಕಂದಾಯದ ಬಿಲ್ ಕಲೆಕ್ಟರ್, ಯುಜಿಡಿ (ಒಳಚರಂಡಿ) ಗ್ಯಾಂಗ್ ಹುಡುಗ್ರು. ಇವರ ನಂಬರ್ ಮೊಬೈಲಲ್ಲಿ ಅಷ್ಟೇ ಅಲ್ಲ, ಒಂದು ಡೈರಿಯಲ್ಲೂ ಬರ್ದಿಡಿ. ಇವರ ಜೊತೆ ಏಕವಚನ ಬೇಡ. ಬೆಳಿಗ್ಗೆ ಐದೂವರೆಗೆ ಮೇಸ್ತ್ರಿ ಹಾಜರಿ ಹಾಕೋ ಜಾಗಕ್ಕೆ ತಿಂಗಳಿಗೊಂದ್ ಸಲ ಹೋಗಿ ಒಂದು ಟೀ ಕುಡೀರಿ, ಕಸದ ಆಟೋ ಯಾಕೆ ಬರ್ತಿಲ್ಲ ಅಂತ ನಿಮಗೆ ಹೆಲ್ತ್ ಆಫೀಸರ್‌ಗಿಂತ ಮುಂಚೆ ಗೊತ್ತಾಗತ್ತೆ.

ಯಾವ ಕೆಲಸ ಯಾರದ್ದು ಅನ್ನೋದೇ ಅರ್ಧ ಕೆಲಸ. ಜನಕ್ಕೆ ಎಲ್ಲಾ ಕಾರ್ಪೊರೇಟರೇ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗೆ ಕೊಡಬಹುದು ಅಂತ 18 ವಿಷಯ ಬರ್ದಿದ್ದಾರೆ, ಕೊಟ್ಟಿರೋದು ಊರಿಗೊಂದು ಥರ. ಬೀದಿದೀಪ ಪಾಲಿಕೆದು, ಕಂಬದ ಮೇಲಿನ ಕರೆಂಟು ಸೆಸ್ಕ್‌ದು, ಹುಬ್ಬಳ್ಳಿಯಲ್ಲಾದ್ರೆ ಹೆಸ್ಕಾಂದು. ಮೈಸೂರಲ್ಲಿ ನೀರು ವಾಣಿವಿಲಾಸ ವಾಟರ್ ವರ್ಕ್ಸ್, ಅದು ಪಾಲಿಕೆ ಒಳಗೇ ಇದೆ, ಬೆಂಗಳೂರಲ್ಲಿ ಜಲಮಂಡಳಿ ಅಂತ ಬೇರೆ ಸಂಸ್ಥೆ, ಕಾರ್ಪೊರೇಟರ್ ಮಾತು ಅಲ್ಲಿ ಅಷ್ಟಕ್ಕಷ್ಟೇ. ಹೊಸ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಪಾಲಿಕೆಗೆ ಹಸ್ತಾಂತರ ಆಗ್ದೇ ಇದ್ರೆ ಅಲ್ಲಿ ನಾಲ್ಕು ಕಲ್ಲು ಹಾಕ್ಸೋಕೂ ದುಡ್ಡು ಬರಲ್ಲ, ಆದ್ರೆ ಅಲ್ಲಿನೋರು ನಿಮಗೇ ವೋಟ್ ಹಾಕಿರ್ತಾರೆ. ಇಂಥಾ ಕಡೆ ನಮ್ದಲ್ಲ ಅಂದ್ರೆ ಮುಗೀತು ಕಥೆ. ನಮ್ದಲ್ಲ, ಇಂಥವರದ್ದು, ಲೆಟರ್ ನಾನೇ ಬರ್ಕೊಡ್ತೀನಿ, ಬನ್ನಿ ಜೊತೆಗೆ ಹೋಗೋಣ ಅನ್ನಿ.

ಯುಜಿಡಿ ಉದಾಹರಣೆ ತಗೊಳ್ಳಿ, ಇದು ವಾರಕ್ಕೆರಡು ಸಲ ಬರತ್ತೆ. ಬೆಳಿಗ್ಗೆ ಆರು ಗಂಟೆ, ಫೋನು, ಮ್ಯಾನ್‌ಹೋಲ್ ಉಕ್ತಿದೆ, ಬಚ್ಚಲಿಂದ ವಾಪಸ್ ಬರ್ತಿದೆ, ಮನೇಲಿ ಮಗು ಇದೆ. ಹೊಸಬ ಕಾರ್ಪೊರೇಟರ್ ಏನ್ಮಾಡ್ತಾನೆ ಅಂದ್ರೆ ಇಂಜಿನಿಯರ್‌ಗೆ ಫೋನ್ ಮಾಡಿ ಕೂಗಾಡ್ತಾನೆ, ಇಂಜಿನಿಯರು ಸರಿ ಸರ್ ಅಂತಾರೆ, ಮಧ್ಯಾಹ್ನ ಆದ್ರೂ ಗಾಡಿ ಬರಲ್ಲ. ಪಳಗಿದೋರು ಮಾಡೋದು ಬೇರೆ: ಫೋನ್ ಮಾಡಿದೋರಿಂದ ಫೋಟೋ, ಎದುರು ಮನೆ ನಂಬರು ತಗೊಳ್ತಾರೆ, ಕೆಳಗಿನ ಮ್ಯಾನ್‌ಹೋಲ್ ತುಂಬಿದ್ಯಾ ಖಾಲಿ ಇದ್ಯಾ ಅಂತ ನೋಡೋಕೆ ಹೇಳ್ತಾರೆ. ಕೆಳಗಿಂದು ಖಾಲಿ ಇದ್ರೆ ಎರಡರ ಮಧ್ಯೆ ಕಟ್ಕೊಂಡಿದೆ, ರಾಡ್ ಹಾಕಿದ್ರೆ ಗ್ಯಾಂಗ್ ಹುಡುಗ್ರೇ ಬಿಡಿಸ್ತಾರೆ. ಅದೂ ತುಂಬಿದ್ರೆ ತೊಂದರೆ ಇನ್ನೂ ಕೆಳಗಿದೆ, ನೀರನ್ನ ಜೋರಾಗಿ ಹಾಯಿಸಿ ಬಿಡಿಸೋ ಜೆಟ್ಟಿಂಗ್ ಗಾಡಿ ಬೇಕು, ಅದು ವಲಯಕ್ಕೆ ಎಷ್ಟಿದೆ, ಈಗ ಎಲ್ಲಿದೆ ಅಂತ ಡ್ರೈವರ್‌ಗೇ ಫೋನ್. ಕೆಲಸ ಆದ್ಮೇಲೆ ಅದೇ ಜಾಗ ತಿಂಗಳಲ್ಲಿ ಎಷ್ಟು ಸಲ ಕಟ್ಕೊಳ್ತು ಅಂತ ಬರ್ದಿಡಿ, ಮೂರ್ನಾಲ್ಕು ಸಲ ಆದ್ರೆ ಪೈಪೇ ಬದಲಾಯಿಸ್ಬೇಕು ಅಂತ ಲಿಖಿತವಾಗಿ ಕೊಡೋಕೆ ಆಧಾರ ಸಿಕ್ತು. ಒಂದು ಮಾತ್ರ ಜ್ಞಾಪಕದಲ್ಲಿರಲಿ, ಜನ ಎಷ್ಟೇ ಒತ್ತಾಯ ಮಾಡಿದ್ರೂ ಮನುಷ್ಯರನ್ನ ಮ್ಯಾನ್‌ಹೋಲ್ ಒಳಗೆ ಇಳಿಸ್ಬೇಡಿ, 2013ರ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಜೀವ ಹೋಗತ್ತೆ.

ಈಗ ಫೈಲು. ಒಂದು ಚರಂಡಿ ಆಗ್ಬೇಕು ಅಂದ್ಕೊಳ್ಳಿ. ನೀವು ಲೆಟರ್‌ಹೆಡ್ಡಲ್ಲಿ ಬರ್ಕೊಡ್ತೀರ, ಇನ್‌ವರ್ಡ್ ನಂಬರ್ ಹಾಕ್ಸ್ಕೊಳ್ಳಿ, ನಂಬರ್ ಇಲ್ಲದ ಪತ್ರ ಪತ್ರನೇ ಅಲ್ಲ. ಜೂನಿಯರ್ ಇಂಜಿನಿಯರು ಜಾಗ ನೋಡಿ ಅಂದಾಜು ಪಟ್ಟಿ ಮಾಡ್ತಾರೆ, ಅದು ಮೇಲಿನ ಇಂಜಿನಿಯರುಗಳಾದ ಎಇಇ, ಇಇ ಹತ್ರ ಹೋಗಿ ತಾಂತ್ರಿಕ ಮಂಜೂರಾತಿ, ಯಾವ ಹೆಡ್ಡಲ್ಲಿ (ಬಜೆಟ್ಟಿನ ಲೆಕ್ಕ ಶೀರ್ಷಿಕೆ) ದುಡ್ಡಿದೆ ಅಂತ ಅಕೌಂಟ್ಸ್ ಸೆಕ್ಷನ್ ಟಿಪ್ಪಣಿ, ಆಡಳಿತಾತ್ಮಕ ಅನುಮೋದನೆ, ಮೊತ್ತ ದೊಡ್ಡದಾದ್ರೆ ಸ್ಥಾಯಿ ಸಮಿತಿ, ಕೌನ್ಸಿಲ್, ಇನ್ನೂ ದೊಡ್ಡದಾದ್ರೆ ಸರ್ಕಾರ, ಆಮೇಲೆ ಟೆಂಡರ್, ಅಗ್ರಿಮೆಂಟು, ವರ್ಕ್ ಆರ್ಡರ್. ಇದರಲ್ಲಿ ಫೈಲು ಜಾಸ್ತಿ ದಿನ ಮಲಗೋದು ಅಕೌಂಟ್ಸಲ್ಲಿ, ಯಾಕಂದ್ರೆ ಹೆಡ್ಡೇ ತಪ್ಪಿರತ್ತೆ. ಅದಕ್ಕೇ ಲೆಟರ್ ಬರೆಯೋ ಮುಂಚೆನೇ ಯಾವ ಹೆಡ್ಡು ಅಂತ ಕೇಳ್ಕೊಳ್ಳಿ: ಕೇಂದ್ರ ಹಣಕಾಸು ಆಯೋಗದ ದುಡ್ಡಾ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನನಾ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆನಾ, ಪಾಲಿಕೆ ನಿಧಿನಾ. ಪಾಲಿಕೆ ನಿಧಿಯಲ್ಲಿ ಶೇ. 24.10 ಎಸ್‌ಸಿ ಎಸ್‌ಟಿ ಜನರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಅಂತ ಎತ್ತಿಡ್ತಾರೆ. ಈ ಕೊನೇ ಎರಡು ಎಷ್ಟೋ ವಾರ್ಡಲ್ಲಿ ಕೇಳೋರೇ ಇಲ್ಲದೆ ಉಳ್ಕೊಂಡಿರತ್ತೆ. ಅರ್ಜಿ ಹಾಕ್ಸಿ, ಲ್ಯಾಪ್‌ಟಾಪು, ತ್ರಿಚಕ್ರ ವಾಹನ, ವೈದ್ಯಕೀಯ ಸಹಾಯ ಏನಿದ್ಯೋ ಕೇಳ್ಕೊಂಡು ತಂದ್ಕೊಡಿ. ಒಂದು ಮನೆಗೆ ಅದು ತಲುಪಿದ್ರೆ ಹತ್ತು ಗುದ್ದಲಿ ಪೂಜೆಗೆ ಸಮ.

ವರ್ಕ್ ಆರ್ಡರ್ ಆದ್ಮೇಲೆ ಕಾರ್ಪೊರೇಟರ್‌ಗಳು ಕೈ ತೊಳ್ಕೊಂಡ್‌ಬಿಡ್ತಾರೆ, ಪೂಜೆ ಫೋಟೋ ಬಂತಲ್ಲ ಅಂತ. ಅಲ್ಲೇ ಮೋಸ ಶುರು ಆಗೋದು. ಅಂದಾಜು ಪಟ್ಟಿ ಜೆರಾಕ್ಸ್ ಒಂದು ಇಟ್ಕೊಳ್ಳಿ, ಅದರಲ್ಲಿ ಉದ್ದ, ಅಗಲ, ಆಳ, ಕಾಂಕ್ರೀಟ್ ದಪ್ಪ ಎಲ್ಲಾ ಇರತ್ತೆ. ಒಂದು ಟೇಪು ತಗೊಂಡು ಕಾಂಕ್ರೀಟ್ ಹಾಕೋ ದಿನ ಬೀದಿಯ ಇಬ್ಬರು ಹಿರಿಯರ ಜೊತೆ ಹೋಗಿ ಅಳೆದ್ರೆ ಸಾಕು, ಬೈಯೋದೇನೂ ಬೇಕಾಗಲ್ಲ. ಬಿಲ್ ಆಗೋದು ಅಳತೆ ಪುಸ್ತಕದಲ್ಲಿ ಬರೆದ ಮೇಲೆ, ಆ ಪುಸ್ತಕಕ್ಕೂ ನೆಲಕ್ಕೂ ತಾಳೆ ಇದ್ಯಾ ಅಂತ ಕೇಳೋ ಹಕ್ಕು ನಿಮಗಿದೆ.

ಕೌನ್ಸಿಲ್ ಮೀಟಿಂಗಲ್ಲಿ ಏನ್ಮಾಡ್ಬೇಕು? ಮೊದಲನೇ ಆರು ತಿಂಗಳು ಬಾವಿಗಿಳಿದು ಧರಣಿ ಮಾಡೋ ಹುಮ್ಮಸ್ಸು ಇರತ್ತೆ, ಮಾಡಿ, ಪೇಪರಲ್ಲಿ ಬರತ್ತೆ. ಆದ್ರೆ ಅಜೆಂಡಾ ಪುಸ್ತಕ ಮನೆಗೆ ಬಂದಾಗ ಓದೋ ಸದಸ್ಯರು ಎಷ್ಟು ಕಮ್ಮಿ ಅಂತ ನಿಮಗೆ ಆಶ್ಚರ್ಯ ಆಗ್ಬೋದು. ಓದಿ. ಗುತ್ತಿಗೆ ಮುಂದುವರಿಸೋ ವಿಷಯ, ಪಾಲಿಕೆ ಜಾಗ ಯಾವ್ದೋ ಟ್ರಸ್ಟಿಗೆ ಲೀಸ್ ಕೊಡೋ ವಿಷಯ, ಅಂಗಡಿ ಮಳಿಗೆ ಬಾಡಿಗೆ ಪರಿಷ್ಕರಣೆ, ಇವೆಲ್ಲ ಊಟದ ಟೈಮಿಗೆ ಸರಿಯಾಗಿ, ಅನುಮೋದಿಸಲಾಗಿದೆ ಅನುಮೋದಿಸಲಾಗಿದೆ ಅಂತ ಪಾಸಾಗತ್ತೆ. ಒಪ್ಪಿಗೆ ಇಲ್ದಿದ್ರೆ ನನ್ನ ವಿರೋಧ ನಡಾವಳಿಯಲ್ಲಿ ದಾಖಲಾಗಲಿ ಅಂತ ಎದ್ದು ನಿಂತು ಹೇಳಿ, ಮುಂದಿನ ಸಭೆಯಲ್ಲಿ ನಡಾವಳಿ ಬಂದಾಗ ಅದು ಇದ್ಯಾ ನೋಡಿ. ಎಷ್ಟೋ ವರ್ಷ ಆದ್ಮೇಲೆ ಲೋಕಾಯುಕ್ತದೋರು ಯಾರು ಕೈ ಎತ್ತಿದ್ರು ಅಂತ ಹುಡುಕಿದಾಗ ಆ ಒಂದು ಸಾಲೇ ನಿಮ್ಮನ್ನ ಕಾಯೋದು.

ಸ್ಥಾಯಿ ಸಮಿತಿ ನಾಲ್ಕಿದೆ: ತೆರಿಗೆ ಹಣಕಾಸು, ಆರೋಗ್ಯ ಶಿಕ್ಷಣ ಸಾಮಾಜಿಕ ನ್ಯಾಯ, ನಗರ ಯೋಜನೆ, ಲೆಕ್ಕಪತ್ರ. ಎಲ್ಲರೂ ನಗರ ಯೋಜನೆಗೆ ಮುಗಿಬೀಳ್ತಾರೆ, ಯಾಕೆ ಅಂತ ಹೇಳ್ಬೇಕಾಗಿಲ್ಲ. ಹೊಸಬರು ಲೆಕ್ಕಪತ್ರಕ್ಕೆ ಹೋಗಿ ಅಂತೀನಿ ನಾನು. ಒಣ ಕೆಲಸ, ಯಾರೂ ಕೇಳಲ್ಲ, ಆದ್ರೆ ಆಡಿಟ್ ಆಕ್ಷೇಪಣೆಗಳನ್ನ ಒಂದು ವರ್ಷ ಓದಿದೋನಿಗೆ ಪಾಲಿಕೆಯಲ್ಲಿ ದುಡ್ಡು ಎಲ್ಲೆಲ್ಲಿ ಸೋರತ್ತೆ ಅಂತ ಗೊತ್ತಾಗತ್ತೆ, ಆಮೇಲೆ ಅಧಿಕಾರಿಗಳೇ ಎದ್ದು ನಿಂತು ಕುರ್ಚಿ ಕೊಡ್ತಾರೆ.

ದುಡ್ಡಿನ ಮಾತು ಬಂತು. ಕಂಟ್ರಾಕ್ಟರ್ ಮೊದಲನೇ ದೀಪಾವಳಿಗೆ ಸ್ವೀಟ್ ಬಾಕ್ಸ್ ತರ್ತಾನೆ, ಎರಡನೇ ದೀಪಾವಳಿಗೆ ಬಾಕ್ಸಲ್ಲಿ ಸ್ವೀಟ್ ಇರಲ್ಲ. ಉಪದೇಶ ಮಾಡೋಕೆ ಬಂದಿಲ್ಲ, ಕಾನೂನು ಹೇಳ್ತೀನಿ. ಪಾಲಿಕೆ ಜೊತೆ ಕಾಂಟ್ರಾಕ್ಟಲ್ಲಿ ನಿಮಗೆ ಪಾಲಿದ್ರೆ ಅನರ್ಹತೆ, ಬೇನಾಮಿ ಅಂತ ತಪ್ಪಿಸ್ಕೊಳ್ತೀನಿ ಅನ್ಕೊಂಡ್ರೆ ಎದುರು ಪಾರ್ಟಿಯೋನು ಫೈಲ್ ಇಟ್ಕೊಂಡು ಕಾಯ್ತಿರ್ತಾನೆ. ಬೆಳಗಾವಿಯಲ್ಲಿ 2025ರ ಫೆಬ್ರವರಿಯಲ್ಲಿ ಇಬ್ಬರು ಸದಸ್ಯರನ್ನ ಪ್ರಾದೇಶಿಕ ಆಯುಕ್ತರು ಅನರ್ಹ ಮಾಡಿ ಆದೇಶ ಹೊರಡಿಸಿದ್ರು, ತಿಂಡಿ ಬೀದಿಯ ಮಳಿಗೆಗಳು ಹೆಂಡತಿಯರ ಹೆಸರಿಗೆ ಹೋಗಿದ್ವು ಅನ್ನೋ ದೂರಿನ ಮೇಲೆ. ಅದು ಆಮೇಲೆ ಕೋರ್ಟ್ ಮೆಟ್ಟಿಲೂ ಹತ್ತಿತು. ಪ್ರತೀ ವರ್ಷ ಆಸ್ತಿ ವಿವರನೂ ಸಲ್ಲಿಸ್ಬೇಕು, ಮರೆತ್ರೆ ಅದೂ ಕುತ್ತಿಗೆಗೆ ಬರತ್ತೆ, ಮೊಬೈಲಲ್ಲಿ ರಿಮೈಂಡರ್ ಹಾಕ್ಕೊಳ್ಳಿ. ಪಾರ್ಟಿ ಇಂಥವರಿಗೇ ವೋಟ್ ಹಾಕಿ ಅಂತ ವಿಪ್ ಕೊಟ್ಟಾಗ ಉಲ್ಲಂಘನೆ ಮಾಡಿದ್ರೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಮೇಯರ್ ಎಲೆಕ್ಷನ್ ಟೈಮಲ್ಲಿ ರೆಸಾರ್ಟಿಗೆ ಕರ್ಕೊಂಡೋಗ್ತಾರಲ್ಲ, ಅಲ್ಲಿ ಸಹಿ ಹಾಕೋ ಪೇಪರ್ ಓದಿ ಸಹಿ ಹಾಕಿ.

ಮೇಯರ್ ಆಗೋ ಕನಸಿನ ಬಗ್ಗೆ ಎರಡೇ ಮಾತು. ಮೈಸೂರು, ಹುಬ್ಬಳ್ಳಿ ಕಡೆ ವರ್ಷಕ್ಕೊಬ್ಬರು ಮೇಯರ್ ಆಗ್ತಾ ಬಂದಿದ್ದಾರೆ, ಬೆಂಗಳೂರಿನ ಹೊಸ ಕಾಯ್ದೆಯಲ್ಲಿ 30 ತಿಂಗಳು. ಒಂದು ವರ್ಷದಲ್ಲಿ ಸನ್ಮಾನ ಸ್ವೀಕರಿಸೋಕೆ ನಾಲ್ಕು ತಿಂಗಳು, ದಸರಾ ಒಂದು ತಿಂಗಳು, ಬಜೆಟ್ ಅಷ್ಟೊತ್ತಿಗೆ ಬಂತು, ಮುಗೀತು. ಕಾರ್ಯಾಂಗದ ಅಧಿಕಾರ ಹೇಗೂ ಕಮಿಷನರ್ ಕೈಯಲ್ಲಿ. ಮೀಸಲಾತಿ ನಿಮ್ಮ ಕಡೆ ಬಂದ್ರೆ ಬಿಡ್ಬೇಡಿ, ಬರ್ಲಿಲ್ಲ ಅಂತ ಕೊರಗ್ಬೇಡಿ.

ವಾರ್ಡ್ ಸಮಿತಿ ಕಂಡ್ರೆ ಕಾರ್ಪೊರೇಟರ್‌ಗಳಿಗೆ ಆಗಲ್ಲ, ಹತ್ತು ಜನ ಕೂತು ಪ್ರಶ್ನೆ ಕೇಳ್ತಾರೆ ಅಂತ. ನಾನು ಹೇಳೋದು ಉಲ್ಟಾ, ಯುವ ಸದಸ್ಯನಿಗೆ ಇದಕ್ಕಿಂತ ಒಳ್ಳೇ ಗುರಾಣಿ ಇಲ್ಲ. ಅಧ್ಯಕ್ಷ ನೀವೇ, ಅದರಲ್ಲಿ ಮೂವರು ಹೆಂಗಸ್ರು, ಇಬ್ಬರು ಎಸ್‌ಸಿ ಎಸ್‌ಟಿಯೋರು, ಇಬ್ಬರು ನಿವಾಸಿ ಸಂಘದೋರು ಇರ್ಲೇಬೇಕು. ಮಂಗಳೂರಲ್ಲಿ ನಾಗರಿಕರು ಹೈಕೋರ್ಟ್ ತನಕ ಹೋದ್ಮೇಲೆ ಸಮಿತಿಗಳು ಬಂದ್ವು. ಒಂದು ಬೀದಿಗೆ ಮೊದ್ಲು ರಸ್ತೆ, ಇನ್ನೊಂದು ಬೀದಿಗೆ ಆಮೇಲೆ ಅಂತ ನೀವೊಬ್ಬರೇ ತೀರ್ಮಾನ ಮಾಡಿದ್ರೆ ಎರಡನೇ ಬೀದಿಯೋರೆಲ್ಲ ವೈರಿ. ಸಮಿತಿ ತೀರ್ಮಾನ ಮಾಡಿ ಬರ್ದಿಟ್ರೆ ಜಗಳ ಅಲ್ಲೇ ಮುಗಿಯತ್ತೆ. ವಾಟ್ಸಾಪ್ ಗ್ರೂಪ್ ಬೇಕು, ಆದ್ರೆ ದೂರಿಗೆ ಬೇರೆ, ಗುಡ್ ಮಾರ್ನಿಂಗಿಗೆ ಬೇರೆ ಮಾಡಿ, ಇಲ್ದಿದ್ರೆ ನೀರು ಬಂದಿಲ್ಲ ಅನ್ನೋ ಮೆಸೇಜು ಹೂವಿನ ಫೋಟೋಗಳ ಕೆಳಗೆ ಹೂತ್ಹೋಗತ್ತೆ. ರಾತ್ರಿ ಹನ್ನೊಂದಕ್ಕೆ ಕುಡಿದು ಬೈಯೋನಿಗೆ ಉತ್ತರ ಕೊಡ್ಬೇಡಿ, ಸ್ಕ್ರೀನ್‌ಶಾಟ್ ಊರೆಲ್ಲಾ ಸುತ್ತತ್ತೆ.

ಮುಂದೇನು ಅಂತ ಕೇಳಿದ್ರೆ, ದಾರಿ ಇದೆ ಆದ್ರೆ ಉದ್ದ. ವಿ. ಸೋಮಣ್ಣ, ರಾಮಲಿಂಗಾ ರೆಡ್ಡಿ ಇಬ್ಬರೂ ಎಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಕಾರ್ಪೊರೇಟರ್ ಆಗಿದ್ದೋರೇ. ನಾಗ್ಪುರದಲ್ಲಿ ದೇವೇಂದ್ರ ಫಡ್ನವಿಸ್ 1992ರಲ್ಲಿ ಕಾರ್ಪೊರೇಟರ್, 1997ರಲ್ಲಿ ಮೇಯರ್, 2014ರಲ್ಲಿ ಮುಖ್ಯಮಂತ್ರಿ. ಇವರನ್ನ ನೋಡಿ ಎಲ್ಲರೂ ಆಸೆ ಪಡ್ತಾರೆ, ಇವರ ಜೊತೆ ಅದೇ ಕೌನ್ಸಿಲಲ್ಲಿ ಕೂತಿದ್ದ ಉಳಿದೋರ ಹೆಸರು ಯಾರಿಗೂ ನೆನಪಿಲ್ಲ. ವಾರ್ಡ್ ಮರುವಿಂಗಡಣೆ ಆದ್ರೆ ನಿಮ್ಮ ಭದ್ರ ಬೂತುಗಳು ಮೂರು ವಾರ್ಡಿಗೆ ಹಂಚ್ಕೊಂಡು ಹೋಗತ್ತೆ, ಬೆಂಗಳೂರಲ್ಲಿ ಆಗಿದ್ದು ಅದೇ.

ಅವಧಿ ಕೊನೇ ಆರು ತಿಂಗಳಲ್ಲಿ ಹೊಸ ಗುದ್ದಲಿ ಪೂಜೆ ಕಮ್ಮಿ ಮಾಡಿ, ಅರ್ಧ ಆಗಿರೋ ಕೆಲಸಗಳ ಪಟ್ಟಿ ಮಾಡ್ಕೊಳ್ಳಿ: ಕಾಮಗಾರಿ ಹೆಸರು, ಫೈಲ್ ನಂಬರು, ಯಾವ ಹಂತ, ಯಾರ ಟೇಬಲ್. ಕೌನ್ಸಿಲ್ ವಿಸರ್ಜನೆ ಆದ ಮರುದಿನದಿಂದ ನಿಮ್ಮ ಲೆಟರ್‌ಹೆಡ್ಡಿಗೆ ಬೆಲೆ ಇಲ್ಲ, ಆಡಳಿತಾಧಿಕಾರಿ ಬರ್ತಾರೆ, ಜನ ಮಾತ್ರ ನಿಮ್ಮ ಮನೆಗೇ ಬರ್ತಾರೆ. ಆಗ ಆ ಪಟ್ಟಿ ಒಂದು ಪ್ರತಿ ವಲಯ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ತಿಂಗಳು ಕಳೆದ್ರೂ ಫೈಲ್ ಅಲ್ಲಾಡ್ಲಿಲ್ಲ ಅಂದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಆರ್‌ಟಿಐ ಹಾಕಿ. ಫೈಲ್ ನಂಬರ್ ಬರ್ದು ಹಾಕಿದ ಆರ್‌ಟಿಐಗೆ ಉತ್ತರ ಬರತ್ತೆ, ನಂಬರ್ ಇಲ್ಲದೆ ಹಾಕಿದ್ರೆ ಮಾಹಿತಿ ಲಭ್ಯವಿಲ್ಲ ಅಂತ ಬರತ್ತೆ.